ಆರ್‌ಸಿ 390 ಆದಮೇಲೆ ಟ್ರ್ಯಾಕ್‌ಗೆ ಯಾವುದು? ಸೆಕೆಂಡ್ ಹ್ಯಾಂಡ್ ಕವಾಸಕಿ ನಿಂಜಾ ಝಡ್‌ಎಕ್ಸ್-6ಆರ್ ವಿಮರ್ಶೆ

ಶ್ರೀಪೆರಂಬದೂರಿನ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಕೆಟಿಎಂ ಆರ್‌ಸಿ 390 ಓಡಿಸಿ ಪಳಗಿದವರಿಗೆ ಅದರ 43 ಪಿಎಸ್ ಒಂದು ಹಂತದಲ್ಲಿ ಸಾಲದಾಗುತ್ತದೆ. ಆಗ ಬೆಂಗಳೂರಿನವರ ಕಣ್ಣು ಮೊದಲು ಬೀಳುವುದು ಸೆಕೆಂಡ್ ಹ್ಯಾಂಡ್ ಲೀಟರ್ (1000 ಸಿಸಿ) ಬೈಕುಗಳ ಮೇಲೆ. ದಯವಿಟ್ಟು ಬೇಡ. 3.7 ಕಿ.ಮೀ. ಸುತ್ತಳತೆಯ ಆ ಟ್ರ್ಯಾಕ್‌ನಲ್ಲಿ 200 ಪಿಎಸ್ ಇಟ್ಟುಕೊಂಡು ಥ್ರಾಟಲ್ ಪೂರ್ತಿ ತೆರೆಯುವ ಅವಕಾಶ ಸಿಗುವುದೇ ಅಪರೂಪ. ತಿರುವಿನ ವೇಗದ ಬಗ್ಗೆ ಚಿಕ್ಕ ಗಾಡಿ ಕಲಿಸಿದ್ದೆಲ್ಲ ಅಲ್ಲಿ ಮರೆತುಹೋಗುತ್ತದೆ. ಮುಂದಿನ ಮೆಟ್ಟಿಲು 600 ಸಿಸಿ ವರ್ಗ. ಅದರಲ್ಲೂ ನಮ್ಮಲ್ಲಿ ಹುಡುಕಬೇಕಾದದ್ದು 2019ರಲ್ಲಿ 10.49 ಲಕ್ಷ ಎಕ್ಸ್‌-ಶೋರೂಮ್ ಬೆಲೆಗೆ ಬಂದ ನಿಂಜಾ ಝಡ್‌ಎಕ್ಸ್-6ಆರ್.

ಇದರ ಎಂಜಿನ್ 636 ಸಿಸಿಯ ಇನ್‌ಲೈನ್ ನಾಲ್ಕು ಸಿಲಿಂಡರ್. 13,500 ಆರ್‌ಪಿಎಂನಲ್ಲಿ 130 ಪಿಎಸ್, 11,000ದಲ್ಲಿ 70.8 ನ್ಯೂಟನ್ ಮೀಟರ್. ಹಳೆಯ 599 ಸಿಸಿ ಎಂಜಿನ್‌ನ 42.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇಲ್ಲಿ 45.1 ಆಗಿದೆ. ತಿರುವಿನಿಂದ ಹೊರಬರುವಾಗ ಒಂದು ಗೇರ್ ತಪ್ಪಿದರೂ ಗಾಡಿ ಸೊರಗದೆ ಎಳೆಯುವುದು ಇದರಿಂದಲೇ. ಚೈನ್ ಎಳೆಯುವ ಮುಂದಿನ ಸ್ಪ್ರಾಕೆಟ್‌ನಲ್ಲಿ ಹಿಂದಿನ ಮಾದರಿಗಿಂತ ಒಂದು ಹಲ್ಲು ಕಡಿಮೆ ಇರುವುದರಿಂದ ಕಂಪನಿಯ ಗೇರಿಂಗ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಕ್ವಿಕ್‌ಶಿಫ್ಟರ್ ಮೇಲಿನ ಗೇರಿಗೆ ಮಾತ್ರ. ಇಳಿಸುವಾಗ ಕ್ಲಚ್ ಹಿಡಿಯಬೇಕು, ಆದರೆ ಸ್ಲಿಪ್ಪರ್ ಕ್ಲಚ್ ಇರುವುದರಿಂದ ಹಿಂದಿನ ಚಕ್ರ ಕುಪ್ಪಳಿಸುವುದಿಲ್ಲ.

ಟ್ರಯಂಫ್ ಡೇಟೋನಾ 675 ಇದಕ್ಕಿಂತ ಹಗುರ, 184 ಕೆಜಿ, ಕವಾಸಕಿ 196. ಮೂರು ಸಿಲಿಂಡರ್‌ನ ಎಳೆತವೂ ಸೊಗಸು. ಮುಂದಿನ ಟೈರ್ ಏನು ಮಾಡುತ್ತಿದೆ ಎಂಬುದು ಕೈಗೆ ಗೊತ್ತಾಗುವುದರಲ್ಲಂತೂ ಡೇಟೋನಾನೇ ಮೇಲು. ಆದರೆ ಆ ಎಂಜಿನ್‌ನ ತಯಾರಿಕೆಯೇ ನಿಂತು ವರ್ಷಗಳಾಗಿವೆ. ಒಮ್ಮೆ ಬಿದ್ದರೆ ಬಿಡಿಭಾಗಕ್ಕಾಗಿ ಕಾಯಬೇಕು. ನಿಂಜಾ 650 ಅಗ್ಗ, ಗಟ್ಟಿ. ಆದರೆ 68 ಪಿಎಸ್‌ನ ಆ ಗಾಡಿಯ ಮುಂದಿನ ಫೋರ್ಕ್‌ನಲ್ಲಿ ಯಾವ ಹೊಂದಾಣಿಕೆಯೂ ಇಲ್ಲ.

ಖರೀದಿಗೆ ಹೋದಾಗ ಓಡೋಮೀಟರ್ ನಂಬಿ ಕೂರಬೇಡಿ. ಮೊದಲು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಅದನ್ನು ತಡೆದು ನಿಲ್ಲಿಸುವ ಸ್ಟೀರಿಂಗ್ ಸ್ಟಾಪರ್ ನೋಡಿ. ಜೋರಾಗಿ ಬಿದ್ದ ಗಾಡಿಯಲ್ಲಿ ಅಲ್ಲಿ ಜಜ್ಜಿದ ಗುರುತೋ, ಹೊಸ ಬಣ್ಣವೋ, ಕೆಲವೊಮ್ಮೆ ವೆಲ್ಡಿಂಗೋ ಕಾಣುತ್ತದೆ. ಅಲ್ಯೂಮಿನಿಯಂ ಫ್ರೇಮ್‌ನ ಆ ಭಾಗಕ್ಕೆ ಏಟು ಬಿದ್ದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ. ಫೇರಿಂಗ್ ಫಳಫಳ ಹೊಳೆಯುತ್ತಿದ್ದರೂ ಬ್ರೇಕ್ ಲಿವರ್‌ನ ತುದಿ, ಫುಟ್‌ಪೆಗ್, ಎಂಜಿನ್‌ನ ಎಡಗಡೆಯ ಕವರ್ ಸುಳ್ಳು ಹೇಳುವುದಿಲ್ಲ. ಆಯಿಲ್ ಡ್ರೈನ್ ಬೋಲ್ಟ್‌ನಲ್ಲಿ ತಂತಿ ಕಟ್ಟಲು ಕೊರೆದ ಸಣ್ಣ ತೂತಿದ್ದರೆ ಗಾಡಿ ರೇಸ್ ಓಡಿರಬಹುದು. ಅದೊಂದೇ ಕಾರಣಕ್ಕೆ ಬೇಡ ಅನ್ನಬೇಕಿಲ್ಲ. ಸರ್ವಿಸ್ ದಾಖಲೆ ಇಟ್ಟ ರೇಸರ್‌ನ ಗಾಡಿ, ಮುಂದಿನ ಚಕ್ರ ಎತ್ತಿ ವೀಲಿ ಹೊಡೆದ ಗಾಡಿಗಿಂತ ಎಷ್ಟೋ ವಾಸಿ.

ವೀಲಿ ಹೊಡೆದದ್ದು ಗೊತ್ತಾಗುವುದು ಎರಡನೇ ಗೇರ್‌ನಲ್ಲಿ. ಕ್ಲಚ್ ಒಮ್ಮೆಲೇ ಬಿಟ್ಟು, ಅರೆಬರೆ ಗೇರ್ ಬದಲಿಸಿ ಓಡಿಸಿದರೆ ಗೇರ್‌ಗಳನ್ನು ಒಂದಕ್ಕೊಂದು ಸಿಕ್ಕಿಸುವ ಡಾಗ್‌ಗಳ ಮೂಲೆ ಸವೆದು ದುಂಡಗಾಗುತ್ತದೆ, ಗೇರ್‌ಬಾಕ್ಸ್ ಒಳಗಿನ ಶಿಫ್ಟ್ ಫೋರ್ಕ್ ಬಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಎರಡನೇ ಗೇರ್ ಹಾಕಿ, 4,000ದಿಂದ 8,000 ಆರ್‌ಪಿಎಂವರೆಗೆ ಥ್ರಾಟಲ್ ಪೂರ್ತಿ ಕೊಟ್ಟು ಬಿಡಿ. ಎರಡು ಮೂರು ಸಲ ಮಾಡಿ. ಗೇರ್ ಒಮ್ಮೆ ಹಾರಿದರೂ ಎಂಜಿನ್ ಇಳಿಸಿ ಕೇಸ್ ಬಿಚ್ಚಬೇಕು ಅಂತಲೇ ಅರ್ಥ.

ಮುಂದಿನ ಫೋರ್ಕ್ ಟ್ಯೂಬ್‌ನ ಮೇಲೆ ಉಗುರು ಎಳೆಯಿರಿ. ಎಲ್ಲಾದರೂ ತಡೆದರೆ ಆ ಏರು ಸೀಲನ್ನು ಕೊಯ್ಯುತ್ತದೆ. ಹೊಸ ಸೀಲ್ ಹಾಕಿದರೂ ಎಣ್ಣೆ ಮತ್ತೆ ಸೋರುತ್ತದೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆಂದು ಹಲವರು ಬರೀ ನೀರು ತುಂಬಿಸಿ ಓಡಿಸುತ್ತಾರೆ, ಆಮೇಲೆ ಬದಲಿಸುವುದಿಲ್ಲ. ಕಂದು ಬಣ್ಣದ ನೀರು ಕಂಡರೆ ಒಳಗೆ ತುಕ್ಕು ಹಿಡಿದಿದೆ. 5,000 ಆರ್‌ಪಿಎಂನಲ್ಲಿ ಬ್ಯಾಟರಿಗೆ 14 ವೋಲ್ಟ್‌ಗಿಂತ ಕಡಿಮೆ ಬರುತ್ತಿದ್ದರೆ ವಿದ್ಯುತ್ ಹುಟ್ಟಿಸುವ ಸ್ಟೇಟರ್ ಅಥವಾ ಅದನ್ನು ನಿಯಂತ್ರಿಸುವ ರೆಗ್ಯುಲೇಟರ್ ಕಡೆ ನೋಡಬೇಕು.

ಗಾಡಿಗೆ ಕೊಡುವ ಹಣದ ಹತ್ತನೇ ಒಂದು ಭಾಗವನ್ನಾದರೂ ಪಕ್ಕಕ್ಕಿಡಿ. ಎಕ್ಸಾಸ್ಟ್‌ಗೆ ಬಿಡಿಗಾಸೂ ಬೇಡ, ಮೊದಲ ಖರ್ಚು ಬ್ರೇಕ್‌ಗೆ. 390ಕ್ಕಿಂತ ಬಹಳ ಹೆಚ್ಚಿನ ವೇಗದಲ್ಲಿ ಟ್ರ್ಯಾಕ್‌ನ ಮೊದಲ ತಿರುವಾದ ಸಿ1ಗೆ ಬರುತ್ತೀರಿ. ತೇವ ಹೀರಿದ ಡಾಟ್ 4 ಬ್ರೇಕ್ ದ್ರವ 155 ಡಿಗ್ರಿಗೇ ಕುದಿಯಬಹುದು, ಚೆನ್ನೈ ಬಿಸಿಲಿನಲ್ಲಿ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವುದು ಆಗಲೇ. ಹೊಸದಾಗಿದ್ದಾಗ 300 ಡಿಗ್ರಿ ದಾಟುವ ಮೋಟುಲ್ ಆರ್‌ಬಿಎಫ್ 600 ಹಾಕಿಸಿ, ಟ್ರ್ಯಾಕ್‌ಗೆ ಆಗುವ ಪ್ಯಾಡ್ ಹಾಕಿಸಿ. ಟೈರ್‌ನ ಪಕ್ಕದ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ್ದರೆ ಹಳ್ಳ ಚೆನ್ನಾಗಿದ್ದರೂ ಬದಲಿಸಿ. ರಸ್ತೆಯ ಸ್ಪೋರ್ಟ್ಸ್ ಟೈರ್‌ನಲ್ಲೇ ಇಳಿಯುವುದಾದರೆ ಟೈರ್ ತಣ್ಣಗಿರುವಾಗ ಗಾಳಿಯನ್ನು ಎರಡೂ ಕಡೆ 30 ಪಿಎಸ್‌ಐ ಸುಮಾರಿನಿಂದ ಶುರುಮಾಡಿ. ಸೂಟ್ ತೊಟ್ಟು ಕೂತಾಗ ಸಸ್ಪೆನ್ಷನ್ ಮುಂದೆ 35, ಹಿಂದೆ 30 ಮಿ.ಮೀ. ಸುಮಾರು ಕುಸಿಯಬೇಕು. ಈ ಶೋವಾ ಫೋರ್ಕ್‌ನಲ್ಲಿ ಪ್ರಿಲೋಡ್ (ಸ್ಪ್ರಿಂಗ್‌ನ ಬಿಗಿ) ಒಂದು ಕಾಲಿನಲ್ಲಿ, ಡ್ಯಾಂಪಿಂಗ್ (ಅದರ ಕುಣಿತ ತಡೆಯುವುದು) ಇನ್ನೊಂದರಲ್ಲಿ. ಎರಡೂ ಕಡೆ ಸಮ ತಿರುಗಿಸಲು ಹೋಗಬೇಡಿ.

ಬೇರೆ ರಾಜ್ಯದ ಗಾಡಿಯಾದರೆ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ರಸ್ತೆ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಗಾವಣೆಗೆ ಫಾರ್ಮ್ 29, 30. ಗಾಡಿಯ ನೋಂದಣಿ ಪತ್ರದಲ್ಲಿ (ಆರ್‌ಸಿ) ಬ್ಯಾಂಕಿನ ಹೆಸರಿದ್ದರೆ ಅವರು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವ ತನಕ ಮುಂಗಡ ಬಿಟ್ಟು ಬೇರೆ ಹಣ ಕೊಡಬೇಡಿ.