ಲಿನಕ್ಸ್‌ನ ‘ಐಪಿ’ ಕಮಾಂಡ್: ಹೇಳಿದಷ್ಟನ್ನೇ ಮಾಡುವ ಸಾಧನ

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿಗೆ ಟರ್ಮಿನಲ್‌ನಿಂದ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಡಲು ಬಹುಕಾಲ ಬಳಕೆಯಲ್ಲಿದ್ದ ‘ಇಫ್‌ಕಾನ್ಫಿಗ್’ನ ಜಾಗವನ್ನು ಈಗ ಐಪಿರೂಟ್2 ಪ್ಯಾಕೇಜಿನ ‘ಐಪಿ’ ಕಮಾಂಡ್ ಆಕ್ರಮಿಸಿದೆ. ಒಂದೇ ಕಾರ್ಡಿಗೆ ಹಲವು ವಿಳಾಸಗಳಿದ್ದಾಗ ಅವೆಲ್ಲವನ್ನೂ ಇದು ತೋರಿಸುತ್ತದೆ. ಈ ಹೊಸ ಕಮಾಂಡ್ ಬಳಸಿ ಲೇಬಲ್ (ವಿಳಾಸಕ್ಕಿಡುವ ಉಪಹೆಸರು) ಇಲ್ಲದೆ ಸೇರಿಸಿದ ಹೆಚ್ಚುವರಿ ವಿಳಾಸಗಳು ಹಳೆಯ ಕಮಾಂಡಿನ ಕಣ್ಣಿಗೇ ಬೀಳುವುದಿಲ್ಲ. ಈ ಒಂದು ಕಾರಣಕ್ಕಾದರೂ ಹೊಸದನ್ನು ರೂಢಿಸಿಕೊಳ್ಳಬೇಕು.

‘ಐಪಿ ಅಡ್ರೆಸ್ ಆ್ಯಡ್ 192.168.1.50/24 ಡೆವ್ ಇಟಿಎಚ್0’ ಎಂದು (ಇಟಿಎಚ್0 ಎಂಬುದು ಕಾರ್ಡಿನ ಹೆಸರು) ರೂಟ್ ಅಧಿಕಾರದಲ್ಲಿ ಕೊಟ್ಟರೆ ವಿಳಾಸ ಸೇರುತ್ತದೆ, ಮತ್ತು ಕಾರ್ಡು ಚಾಲೂ ಇದ್ದರೆ 192.168.1.0 ಜಾಲಕ್ಕೆ ಹೋಗುವ ದಾರಿಯೂ ರೂಟಿಂಗ್ ಪಟ್ಟಿಯಲ್ಲಿ ತಾನಾಗಿಯೇ ಮೂಡುತ್ತದೆ. ಕೊನೆಯ ‘/24’ (ವಿಳಾಸದ ಮೊದಲ 24 ಬಿಟ್‌ಗಳು ಜಾಲದ್ದೆಂಬ ಗುರುತು) ಬಿಟ್ಟುಹೋದರೆ ಮಾತ್ರ ಕಮಾಂಡ್ ಅದನ್ನು ‘/32’ ಎಂದು, ಅಂದರೆ ಆ ಒಂದೇ ವಿಳಾಸವೆಂದು, ತಿಳಿದುಕೊಳ್ಳುತ್ತದೆ. ಆಗ ವಿಳಾಸವೇನೋ ಕಾಣಿಸುತ್ತದೆ, ಆದರೆ ಪಕ್ಕದ ಯಂತ್ರಕ್ಕೆ ಪಿಂಗ್ ಹೋಗುವುದಿಲ್ಲ. ಇಫ್‌ಕಾನ್ಫಿಗ್ ಇಂಥಲ್ಲಿ ಹಳೆಯ ಎ, ಬಿ, ಸಿ ವರ್ಗಗಳ ಲೆಕ್ಕದಲ್ಲಿ ಮಾಸ್ಕನ್ನು, ಅಂದರೆ ಈ ಗುರುತನ್ನು, ಊಹಿಸುತ್ತಿತ್ತು. ಊಹಿಸದಿರುವುದೇ ಸರಿಯೆಂದು ಒಪ್ಪಬಹುದಾದರೂ, ಒಂದು ಸಾಲಿನ ಎಚ್ಚರಿಕೆಯನ್ನೂ ಕೊಡದೆ ಸುಮ್ಮನಿರುವುದು ನನ್ನ ದೃಷ್ಟಿಯಲ್ಲಿ ಈ ಸಾಧನದ ದೊಡ್ಡ ಕೊರತೆ.

‘ಆ್ಯಡ್’ ಇದ್ದ ವಿಳಾಸವನ್ನು ಬದಲಿಸುವುದಿಲ್ಲ, ಅದರ ಜೊತೆಗೆ ಇನ್ನೊಂದನ್ನು ಸೇರಿಸುತ್ತದೆ. ದೂರದ ಸರ್ವರಿನ ವಿಳಾಸ ಬದಲಿಸುವವರಿಗೆ ಇದು ವರದಾನವೇ ಸರಿ: ಹೊಸ ವಿಳಾಸ ಸೇರಿಸಿ, ಅದರ ಮೂಲಕ ಎಸ್‌ಎಸ್‌ಎಚ್ ಲಾಗಿನ್ ಆಗಿ, ಎಲ್ಲವೂ ಸರಿಯಿದೆಯೆಂದು ಖಚಿತವಾದ ಮೇಲೆ ಹಳೆಯದನ್ನು ‘ಡೆಲ್’ ಮಾಡಬಹುದು. ಆದರೆ ಎರಡೂ ಒಂದೇ ಉಪಜಾಲದಲ್ಲಿ, ಅಂದರೆ ಒಂದೇ ಸಬ್‌ನೆಟ್‌ನಲ್ಲಿದ್ದರೆ ಎರಡನೆಯದು ‘ಸೆಕೆಂಡರಿ’ ಎನಿಸಿಕೊಳ್ಳುತ್ತದೆ. ಕರ್ನೆಲ್‌ನ (ಲಿನಕ್ಸ್‌ನ ತಿರುಳು ಭಾಗದ) ‘ಪ್ರಮೋಟ್ ಸೆಕೆಂಡರೀಸ್’ ಆಯ್ಕೆ ಚಾಲೂ ಇಲ್ಲದಿದ್ದರೆ ಮೊದಲನೆಯದನ್ನು ಅಳಿಸಿದ ಕೂಡಲೇ ಎರಡನೆಯದೂ ಅಳಿಸಿಹೋಗಿ ಸಂಪರ್ಕವೇ ಕಡಿದುಹೋಗುತ್ತದೆ. ಆದ್ದರಿಂದ ಅಳಿಸುವ ಮುನ್ನ ಕರ್ನೆಲ್ ಆಯ್ಕೆಗಳನ್ನು ತೋರಿಸುವ ‘ಸಿಸ್‌ಸಿಟಿಎಲ್’ನಲ್ಲಿ ಆ ಆಯ್ಕೆಯ ಬೆಲೆ 1 ಇದೆಯೇ ಎಂದು ನೋಡಿಕೊಳ್ಳುವುದು ಅಗತ್ಯ.

ಸಾಮಾನ್ಯ ಔಟ್‌ಪುಟ್ ಕಿಕ್ಕಿರಿದು ತುಂಬಿದಂತೆ ಕಂಡರೂ ‘-ಬಿಆರ್’ ಆಯ್ಕೆ ಕೊಟ್ಟರೆ ಕಾರ್ಡಿನ ಹೆಸರು, ಸ್ಥಿತಿ, ವಿಳಾಸಗಳು ಒಂದೊಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಬರುತ್ತವೆ. ನಾವು ಕೊಡಹೊರಟ ವಿಳಾಸವನ್ನೇ ಜಾಲದಲ್ಲಿ ಬೇರೊಂದು ಯಂತ್ರ ಈಗಾಗಲೇ ಬಳಸುತ್ತಿದೆಯೇ ಎಂಬ ಪರೀಕ್ಷೆ ಐಪಿವಿ6ರಲ್ಲಿ ಕರ್ನೆಲ್‌ನಿಂದಲೇ ನಡೆಯುತ್ತದೆ, ಐಪಿವಿ4ಕ್ಕೆ ‘ಆರ್ಪಿಂಗ್ -ಡಿ’ ಕಮಾಂಡ್ ಬಳಸಬೇಕು. ‘ಐಪಿ’ ಕಮಾಂಡಿನಿಂದ ಕೊಟ್ಟ ವಿಳಾಸ ಯಂತ್ರ ರೀಬೂಟ್ ಆಗುವವರೆಗೆ ಮಾತ್ರ ಉಳಿಯುವುದರಿಂದ, ಶಾಶ್ವತ ವ್ಯವಸ್ಥೆಗೆ ಜಾಲದ ಸೆಟ್ಟಿಂಗ್ ನಿರ್ವಹಿಸುವ ನೆಟ್‌ಪ್ಲ್ಯಾನ್ ಅಥವಾ ನೆಟ್‌ವರ್ಕ್‌ಮ್ಯಾನೇಜರ್‌ನ ಕಡತವನ್ನೇ ತಿದ್ದಬೇಕಾಗುತ್ತದೆ.