ಅಡಿಗಲ್ಲಿಗೆ ಕೊರಡು: ತೆಂಗು, ಹುಣಸೆ, ಹಳೇ ಜಂತೆ

ತಿಪಟೂರು ಕಡೆ ನಮ್ಮ ಮನೆ ಹಿಂದೆ ಶೆಡ್ಡು ಹಾಕಿ ಸಣ್ಣ ಕುಲುಮೆ ಇಟ್ಟುಕೊಂಡಿದ್ದೇನೆ. ಕುಡುಗೋಲು, ಮಚ್ಚು ತಟ್ಟುವ ಕೆಲಸ. ಅಡಿಗಲ್ಲು, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ಕಬ್ಬಿಣದ ಗಟ್ಟಿ, 50 ಕೆಜಿಯದು, ಎತ್ತರ 9 ಇಂಚು. ಅದನ್ನು ಇಲ್ಲಿವರೆಗೆ ಮೂರು ಥರದ ಮರದ ಮೇಲೆ ಕೂರಿಸಿ ನೋಡಿದ್ದೇನೆ.

ಮೊದಲು ಎತ್ತರದ ಮಾತು. ನಮ್ಮೂರ ಆಚಾರ್ರು ಕೂತು ಬಡಿಯುತ್ತಾರೆ, ಅವರ ಕೊರಡು ಮುಕ್ಕಾಲು ಪಾಲು ನೆಲದಲ್ಲೇ ಹೂತಿದೆ. ನಾನು ನಿಂತು ಬಡಿಯುವವನು. ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಬೆರಳ ಗೆಣ್ಣು ಅಡಿಗಲ್ಲಿನ ಮೇಲ್ಮೈ ಮುಟ್ಟಬೇಕು. ನನಗೆ ಅದು 29 ಇಂಚು. ಹಾಗಾಗಿ ಕೊರಡು 20 ಇಂಚು.

ನಮ್ಮ ಕಡೆ ತೆಂಗಿಗೆ ಬರವಿಲ್ಲ, ಅಲ್ವಾ? ಬಿದ್ದ ಮರದ ಬೊಡ್ಡೆಯನ್ನೇ ಮೊದಲು ಕೊಯ್ದು ನಿಲ್ಲಿಸಿದೆ. ಎರಡೇ ತಿಂಗಳಿಗೆ ಅಡಿಗಲ್ಲು ಅರ್ಧ ಇಂಚು ಒಳಗಿಳಿಯಿತು, ಅದೂ ಓರೆಯಾಗಿ. ತೆಂಗಿಗೆ ಚೇಗು, ಅಂದರೆ ಮರದ ಗಟ್ಟಿ ಭಾಗ, ಇರುವುದು ಹೊರಗೆ, ನಡುವೆ ಬರೀ ಮೆತ್ತನೆ ನಾರು. ಭಾರ ಬೀಳುವುದು ಆ ನಡುವಿಗೇ. ಪುಕ್ಕಟೆ ಸಿಕ್ಕರೂ ಬೇಡ.

ಆಮೇಲೆ ಹುಣಸೆ. ಮಟನ್ ಅಂಗಡಿಯ ಕೊರಡು, ಎಣ್ಣೆ ಗಾಣ ಎಲ್ಲಕ್ಕೂ ಹುಣಸೆ ಬಳಸುವುದು ಸುಮ್ನೆ ಅಲ್ಲ. ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಬೇಗ ಸೀಳುವುದಿಲ್ಲ. 16 ಇಂಚು ಅಗಲದ ದಿಮ್ಮಿಯನ್ನು ಒಣಗಿದ್ದು ಅಂತ ಹೇಳಿ ಒಂದು ಸಾ ಮಿಲ್ಲಿನವರು ಕೊಟ್ಟರು. ಅದು ಹಸಿ. ಮಾರ್ಚ್ ಬಿಸಿಲಿಗೆ ನಡುವಿನಿಂದ ಅಂಚಿನವರೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಮರ ಒಣಗುವಾಗ ಸುತ್ತಳತೆಯ ದಿಕ್ಕಿಗೆ ಕುಗ್ಗುವುದು ಜಾಸ್ತಿ, ನಡುವಿನ ಕಡೆಗೆ ಕುಗ್ಗುವುದು ಸುಮಾರು ಅದರ ಅರ್ಧ. ಆ ಎಳೆದಾಟ ಬಿರುಕಾಗಿಯೇ ಹೊರಬರುತ್ತದೆ. ಬಿಳಿ ಭಾಗಕ್ಕೆ ಹುಳವೂ ಬಿತ್ತು. ಒಳಗಿನ ಕಪ್ಪು ಚೇಗಿಗೆ ಏನೂ ಆಗಲಿಲ್ಲ.

ಆಚಾರ್ರು ಬಂದು ನೋಡಿ, "ಪೂರ್ತಿ ಒಣಗಲಿ ಬಿಡಪ್ಪ, ಬಂಡಿ ಗಾಲಿಗೆ ಹಾಕ್ದಂಗೆ ಪಟ್ಟಿ ಹಾಕಣ" ಅಂದರು. ಮುಂದಿನ ವರ್ಷದ ಬೇಸಿಗೆಗೆ ಹಾಕಿದೆವು. ಕಬ್ಬಿಣದ ಪಟ್ಟಿಯ ಒಳ ಸುತ್ತಳತೆ ದಿಮ್ಮಿಯ ಸುತ್ತಳತೆಗಿಂತ 5 ಮಿ.ಮೀ. ಕಮ್ಮಿ. ಸುತ್ತ ಬೆರಣಿ ಜೋಡಿಸಿ ಕೆಂಪಗೆ ಕಾಯಿಸಿದೆವು. ಮೂವರು ಇಕ್ಕಳದಲ್ಲಿ ಹಿಡಿದು ಇಳಿಸಿದಾಗ ಮರ ಹೊಗೆಯಾಡಿತು. ನೀರು ಸುರಿದದ್ದೇ ತಡ, ದಿಮ್ಮಿ ಒಳಗೆಲ್ಲೋ ಕಟಕಟ ಅಂದಿತು. ಬೆರಳು ತೂರುತ್ತಿದ್ದ ಬಿರುಕಿಗೆ ಈಗ ಬೆರಳು ತೂರುವುದಿಲ್ಲ. ಹಸಿ ದಿಮ್ಮಿಗೇ ಪಟ್ಟಿ ಹಾಕಿದ್ದರೆ ಮರ ಕುಗ್ಗಿ ಪಟ್ಟಿ ಸಡಿಲವಾಗುತ್ತಿತ್ತು.

ದಿಮ್ಮಿ ಒಣಗುವ ಆ ವರ್ಷ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಹಳೇ ಮನೆ ಬಿಚ್ಚಿದ ಕಡೆ ಜಂತೆ ತಂದೆ. ಎಷ್ಟೋ ವರ್ಷ ಸೂರಿನಡಿ ಒಣಗಿದ ಮರ, ಇನ್ನು ಕುಗ್ಗುವುದು ಏನಿದೆ? 2 ಇಂಚು ದಪ್ಪ, 4 ಇಂಚು ಅಗಲದ 21 ತುಂಡು ಕೊಯ್ದು, ಎಳೆ ನೆಟ್ಟಗೆ ನಿಲ್ಲುವ ಹಾಗೆ ಜೋಡಿಸಿ ಅಂಟು ಹಾಕಿದೆ. ಎಳೆ ಮಲಗಿದರೆ ಏಟಿಗೆ ಜಜ್ಜಿಹೋಗುತ್ತದೆ. ತುಂಡುಗಳನ್ನು ಬಿಗಿಹಿಡಿಯಲು 12 ಮಿ.ಮೀ. ಥ್ರೆಡ್ ರಾಡ್ (ನಟ್ಟು ಹಾಕುವ ತಿರುಪಿನ ಸರಳು) ಎರಡೂ ದಿಕ್ಕಿಗೆ ಹೋಗಬೇಕು. ಒಂದೇ ಎತ್ತರದಲ್ಲಿ ತೂತು ಕೊರೆಯಬೇಡಿ, ಒಳಗೆ ಒಂದಕ್ಕೊಂದು ಅಡ್ಡ ಬರುತ್ತವೆ. ಕೊರಡಿನ ಕೆಳಗೆ ಮೂರು ಕಾಲು ಕೊಟ್ಟೆ. ನೆಲ ಏರುಪೇರಿದ್ದರೂ ಅಲುಗುವುದಿಲ್ಲ.

ಹೊಡೆತದ ಮಟ್ಟಿಗೆ ಹೇಳುವುದಾದರೆ, ಲಾರಿ ಕಮಾನು ಪಟ್ಟಿಯಿಂದ ಮಚ್ಚಿನ ಬಾಯಿ ತೆಳ್ಳಗೆ ಮಾಡಲು ತೆಂಗಿನ ಮೇಲೆ ಆರು ಸಲ ಕಾಯಿಸಬೇಕಿತ್ತು. ಅಡಿಗಲ್ಲು ಕುಣಿಯುತ್ತಿತ್ತು, ಅದನ್ನು ಸರಿಮಾಡುವಷ್ಟರಲ್ಲಿ ಕಬ್ಬಿಣ ಆರುತ್ತಿತ್ತು. ಹುಣಸೆ, ಜಂತೆ ಎರಡರ ಮೇಲೂ ನಾಲ್ಕೇ ಸಲ ಸಾಕು. ಸಮ್ಮಟಿಗೆ ಏಟಿಗೆ ಮಾತ್ರ ಹುಣಸೆಯೇ ಮೇಲು, ಭೂಮಿಗೇ ಹೊಡೆದಷ್ಟು ಗಟ್ಟಿ. ಶಬ್ದ ಎರಡರಲ್ಲೂ ಕಿವಿ ಕೊರೆಯುತ್ತಿತ್ತು. ಅಡಿಗಲ್ಲಿನ ಕೆಳಗೆ ಸಿಲಿಕಾನ್ ಹಚ್ಚಿ, ಬುಡಕ್ಕೆ ಸರಪಳಿ ಬಿಗಿದ ಮೇಲೆ ಕಮ್ಮಿಯಾಯಿತು.

ಈಗಲೇ ಕೆಲಸ ಶುರು ಮಾಡಬೇಕು ಅನ್ನುವವರು ಜಂತೆ ಕಟ್ಟಿಕೊಳ್ಳಿ, ಬೇಸಿಗೆಗೊಮ್ಮೆ ನಟ್ಟು ಬಿಗಿ ಮಾಡಿ. ನನ್ನ ಅಡಿಗಲ್ಲು ಸದ್ಯ ಪಟ್ಟಿ ಹಾಕಿದ ಹುಣಸೆ ಮೇಲಿದೆ. ಚೇಗು ದಪ್ಪವಿರುವ ಇನ್ನೊಂದು ಮುದಿ ಹುಣಸೆ ದಿಮ್ಮಿ ಸಿಕ್ಕಿದೆ. ಎರಡೂ ತುದಿಗೆ ಪೇಂಟು ಬಳಿದು ಕೊಟ್ಟಿಗೆ ನೆರಳಲ್ಲಿ ಇಟ್ಟಿದ್ದೇನೆ. ಮೂರು ಬೇಸಿಗೆ ಕಳೆಯದೆ ಅದನ್ನು ಮುಟ್ಟುವುದಿಲ್ಲ.