ಜಿ-ಆಲ್ಫಾ-ಓಲ್ಫ್ ಆಂಟಿಬಾಡಿ: ಕಾರವಾರದ ಲ್ಯಾಬ್‌ಗೆ ತರಿಸಬಹುದೇ?

ಈ ಆಂಟಿಬಾಡಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ಜಿ-ಆಲ್ಫಾ-ಓಲ್ಫ್ ಎಂದರೆ ಜೀವಕೋಶದೊಳಗೆ ಸಂಕೇತ ದಾಟಿಸುವ ಒಂದು ಪ್ರೋಟೀನ್; ಅದಕ್ಕೆ ಅಂಟಿ ಅದಿರುವ ಜಾಗ ತೋರಿಸುವುದೇ ಇದರ ಕೆಲಸ. ಇಲಿ ಮಿದುಳಿನ ಸ್ಟ್ರಯಾಟಮ್, ಅಕ್ಯುಂಬೆನ್ಸ್, ಆಲ್ಫ್ಯಾಕ್ಟರಿ ಟ್ಯೂಬರ್ಕಲ್ ಭಾಗಗಳು ಗಾಢವಾಗಿ ಬಣ್ಣ ಹಿಡಿಯುತ್ತವೆ. ಕಾರ್ಟೆಕ್ಸ್ (ಮಿದುಳಿನ ಹೊರಪದರ) ಪೇಲವವಾಗಿಯೇ ಇರಬೇಕು. ಅದೂ ಅಷ್ಟೇ ಕಪ್ಪಾದರೆ ಅನುಮಾನಪಡಿ: ಅಲ್ಲಿ ಹೆಚ್ಚಿರುವುದು ಓಲ್ಫ್‌ನ ಹತ್ತಿರದ ಸಂಬಂಧಿ ಪ್ರೋಟೀನ್ ಜಿ-ಆಲ್ಫಾ-ಎಸ್. ಎರಡರ ಅಮೈನೋ ಆಮ್ಲ ಸರಣಿ ಸುಮಾರು 88% ಒಂದೇ, ಹಾಗಾಗಿ ಆಂಟಿಬಾಡಿ ತಪ್ಪು ಕಡೆ ಅಂಟುವುದು ಸುಲಭ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ಪರೀಕ್ಷೆ) ಒಂದೇ ಪಟ್ಟೆ ಕಂಡಿತೆಂದು ಹಿಗ್ಗಬೇಡಿ. ಜಿ-ಆಲ್ಫಾ-ಎಸ್‌ನ ಚಿಕ್ಕ ರೂಪವೂ ಓಲ್ಫ್‌ನಂತೆಯೇ 45 ಕಿಲೋಡಾಲ್ಟನ್ ಆಸುಪಾಸಿನಲ್ಲೇ ಬರುತ್ತದೆ. ಸ್ಟ್ರಯಾಟಮ್, ಕಾರ್ಟೆಕ್ಸ್ ಎರಡನ್ನೂ ಅಕ್ಕಪಕ್ಕ ಹಾಕಿ ಹೋಲಿಸಿ.

ಬಣ್ಣ ಹಿಡಿಸಲು: ಅಂಗಾಂಶ ಕೆಡದಂತೆ 4% ಪ್ಯಾರಾಫಾರ್ಮಾಲ್ಡಿಹೈಡ್, 30 ಮೈಕ್ರಾನ್ ದಪ್ಪದ ಸೆಕ್ಷನ್, ಆಂಟಿಬಾಡಿಯನ್ನು 1:500 ತೆಳುವಾಗಿಸಿ ಶುರುಮಾಡಿ.

ಅಂಕ ಕಡಿದದ್ದು ಪ್ಯಾಕಿಂಗ್‌ಗೆ. ಮಳೆಗಾಲದಲ್ಲಿ ಕಾರವಾರದ ಹಾದಿಯ ಅರಬೈಲ್ ಘಟ್ಟದಲ್ಲಿ ಗಾಡಿ ಸಿಕ್ಕಿಬಿದ್ದರೆ ತಂಪಿಗೆಂದು ಇಟ್ಟ ಎರಡು ಜೆಲ್ ಪ್ಯಾಕ್ ಯಾವ ಮೂಲೆಗೆ? ಬಂದ ಕೂಡಲೇ 10 ಮೈಕ್ರೋಲೀಟರ್‌ನಂತೆ ಹಂಚಿ ಫ್ರೀಜರಿಗಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.